ಮಳೆಗಾಲದ ಕಾಡಿಗೆ ಕ್ಯಾಮೆರಾ ಹೊತ್ತು

ಕೇಳುಗರಿಗೆ ನಮಸ್ಕಾರ.

ಗೋವಾದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಊರಿಗೆ ಹೋಗುವುದೆಂದರೆ ಘಟ್ಟ ಹತ್ತುವುದೇ. ವಾಸ್ಕೋ, ಮಡಗಾಂವ್, ಪೋಂಡಾ ಕಡೆಯವರು ಮೊಲೆಮ್ ದಾಟಿ ಅನಮೋಡ ಘಟ್ಟವನ್ನು ಹಿಡಿಯುತ್ತಾರೆ; ಮಾಪುಸಾ, ಸಾಂಖಳಿ ಕಡೆಯವರು ಕೇರಿಯ ಮೇಲಿಂದ ಚೋರ್ಲಾ ಘಟ್ಟವನ್ನೇರಿ ಜಾಂಬೋಟಿ ಸೇರುತ್ತಾರೆ; ಸಾವಂತವಾಡಿಯ ಮೇಲೆ ಹೋಗುವವರಿಗೆ ಆಂಬೋಲಿ ಘಟ್ಟವಿದೆ. ಗಾಜು ಏರಿಸಿ, ವೈಪರ್ ಹಾಕಿಕೊಂಡು, ಎದುರು ಬರುವ ಲಾರಿಯ ಮೇಲೆ ಕಣ್ಣಿಟ್ಟು ನಾವು ದಾಟಿಬಿಡುವ ಈ ಘಟ್ಟಗಳ ಕಾಡಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ, ಪುಣೆ, ಬೆಂಗಳೂರುಗಳಿಂದ ಜನರು ಹಣ ತೆತ್ತು, ಕ್ಯಾಮೆರಾ ಹೊತ್ತು ಬರುತ್ತಾರೆ. ನಮ್ಮ ನಡುವಿನ ತರುಣರಲ್ಲಿಯೂ ಈ ಹವ್ಯಾಸ ಹಬ್ಬುತ್ತಿರುವುದರಿಂದ ಇಂದು ಇದರ ಬಗ್ಗೆ ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ವನ್ಯಜೀವಿ ಛಾಯಾಗ್ರಹಣವೆಂದ ಕೂಡಲೇ ಹುಲಿಯೂ ಜೀಪೂ ನೆನಪಾಗುವುದು ಸಹಜ. ಆದರೆ ತಾಡೋಬಾ, ಪೆಂಚ್, ಕಾನ್ಹಾಗಳಂಥ ಹುಲಿ ಸಂರಕ್ಷಿತ ಪ್ರದೇಶಗಳ ಒಳವಲಯಗಳು ಮಳೆಗಾಲದಲ್ಲಿ ಪ್ರವಾಸಿಗರಿಗೆ ಮುಚ್ಚಿರುತ್ತವೆ. ಅದೇ ತಿಂಗಳುಗಳಲ್ಲಿ ಸಹ್ಯಾದ್ರಿಯ ಉತ್ತರ ಭಾಗ ತೆರೆದುಕೊಳ್ಳುತ್ತದೆ; ಇಲ್ಲಿ ಕಾಣಸಿಗುವುದು ಕಪ್ಪೆ, ಹಾವು, ಏಡಿ, ಅಣಬೆ, ಪುಟ್ಟ ಹಕ್ಕಿಗಳ ಲೋಕ. ವರ್ಷದ ಎಂಟು ತಿಂಗಳು ಕಲ್ಲಿನಡಿಯಲ್ಲೋ ಮಣ್ಣಿನೊಳಗೋ ಮರದ ಪೊಟರೆಯಲ್ಲೋ ಅಡಗಿರುವ ಈ ಜೀವಿಗಳಲ್ಲಿ ಹೆಚ್ಚಿನವು ಮಳೆ ಬಿದ್ದೊಡನೆ ಹೊರಬರುವುದು ಸಂತಾನಕ್ಕಾಗಿ. ನಮಗೆ ಸುಲಭವಾಗಿ ಚಿತ್ರ ಸಿಗುವುದಕ್ಕೂ ಅದೇ ಕಾರಣ. ಬೇಸಿಗೆಯಲ್ಲಿ ನೀರಿಗೆ ಬಂದ ಜಿಂಕೆಯನ್ನು ಬೆದರಿಸಿದರೆ ಅದು ಸಂಜೆಗೆ ಮತ್ತೆ ಬಂದೀತು. ಜೂನ್ ತಿಂಗಳ ಒಂದು ರಾತ್ರಿ ಕಪ್ಪೆಯ ಕೂಡುವಿಕೆಯನ್ನು ಕೆಡಿಸಿದರೆ ಅದರ ಆ ವರ್ಷದ ಸಂತತಿಯೇ ಕೈತಪ್ಪಬಹುದು. ಮಳೆಗಾಲದ ಚಿತ್ರಗ್ರಹಣದ ಎಲ್ಲ ಶಿಸ್ತೂ ಈ ಒಂದು ಸಂಗತಿಯಿಂದಲೇ ಹುಟ್ಟಬೇಕೆಂಬುದು ನನ್ನ ಅಭಿಪ್ರಾಯ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಆಂಬೋಲಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಎತ್ತರದಲ್ಲಿರುವ ಈ ಪುಟ್ಟ ಊರು ಮಹಾರಾಷ್ಟ್ರದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲೊಂದು. ಊರಿನ ಸುತ್ತ ಜಂಬಿಟ್ಟಿಗೆಯ ಬಯಲು ಬಂಡೆಗಳಿವೆ. ಸ್ಥಳೀಯರು ಇವನ್ನು ಸಡಾ ಎನ್ನುತ್ತಾರೆ. ಬೇಸಿಗೆಯಲ್ಲಿ ಬೋಳಾಗಿ ಕಾಣುವ ಈ ಬಂಡೆಗಳ ಮೇಲೆ ಮುಂಗಾರಿನ ಮೊದಲ ಮಳೆಗಳು ಸುರಿದಾಗ, ಮೈಮೇಲೆ ಹುಲಿಯ ಪಟ್ಟೆಗಳನ್ನು ಹೋಲುವ ಗೆರೆಗಳುಳ್ಳ ಒಂದು ಸಣ್ಣ ನೆಲಗಪ್ಪೆ ಗುಂಪುಗುಂಪಾಗಿ ಹೊರಬಂದು, ಅಂಗೈಯಗಲದ ನೀರಿನ ಗುಂಡಿಗಳಲ್ಲಿ ಮೊಟ್ಟೆಯಿಡುತ್ತದೆ. ಕ್ಸಾಂತೊಫ್ರೈನ್ ಟೈಗರಿನಾ ಎಂಬ ಹೆಸರಿನಲ್ಲಿ ಇದನ್ನು ವಿಜ್ಞಾನಿಗಳು ಗುರುತಿಸಿದ್ದು 2009ರಲ್ಲಿ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿ. ಆಂಬೋಲಿಯ ಆಸುಪಾಸನ್ನು ಬಿಟ್ಟರೆ ಇದರ ನೆಲೆ ಬೇರೆಲ್ಲಿಯೂ ತಿಳಿದಿಲ್ಲ. ಇಂಥ ಪ್ರಾಣಿಯ ಚಿತ್ರಕ್ಕಾಗಿ ರಾತ್ರಿ ಸಡಾದ ಮೇಲೆ ನಡೆಯುವವರು ಕ್ಯಾಮೆರಾದ ಪರದೆಗಿಂತ ಮೊದಲು ಕಾಲಡಿಯನ್ನು ನೋಡಬೇಕು. ಗಮ್‌ಬೂಟಿನ ಒಂದು ಹೆಜ್ಜೆ ಒಂದು ಗುಂಡಿಯ ಮೊಟ್ಟೆಗಳಷ್ಟನ್ನೂ ಹೊಸಕಿಬಿಡಬಲ್ಲದು. ಚಿತ್ರ ತೆಗೆದು ಮಂಜಿನಲ್ಲಿ ಕಾರು ಓಡಿಸಿಕೊಂಡು ಹಿಂದಿರುಗುವಾಗ ರಸ್ತೆ ದಾಟುವ ಕಪ್ಪೆಗಳ ಮೇಲೆ ಚಕ್ರ ಹಾಯಿಸುವವರೂ ನಾವೇ.

ಆಂಬೋಲಿಯ ಮಾತು ಬಂದಾಗ ಇನ್ನೊಂದನ್ನು ಹೇಳದಿರಲಾರೆ. ಅಲ್ಲಿಯ ಗುಹಾದೇವಾಲಯದ ಬಳಿ ಹುಟ್ಟುವ ಹಿರಣ್ಯಕೇಶಿಯೇ ಮುಂದೆ ಸಂಕೇಶ್ವರದ ಮೂಲಕ ಹರಿದು ಘಟಪ್ರಭೆಯನ್ನು ಕೂಡುವ ನಮ್ಮ ನದಿ. ಆ ದೇವಾಲಯದ ಕುಂಡದಲ್ಲಿ ಕಂಡ ಒಂದು ಮೀನಿಗೆ 2020ರಲ್ಲಿ ನದಿಯ ಹೆಸರನ್ನೇ ಇಡಲಾಯಿತು. ಮರುವರ್ಷ ಆ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಬೆಳಗಾವಿ ಜಿಲ್ಲೆಯವರು ಒಮ್ಮೆಯಾದರೂ ಅಲ್ಲಿ ಇಳಿದು ನೋಡಬೇಕು, ಕ್ಯಾಮೆರಾ ಇಲ್ಲದಿದ್ದರೂ ಸರಿ.

ಇನ್ನು ಚಿತ್ರಗಾರರೆಲ್ಲರೂ ಬಯಸುವುದು ಮಲಬಾರ್ ಹಾರುಗಪ್ಪೆಯನ್ನು. ಹಸಿರು ಮೈ, ಬೆರಳುಗಳ ನಡುವೆ ಕೆಂಪು ಕಿತ್ತಳೆಯ ಜಾಲಪೊರೆ. ಕೆರೆಯ ಅಥವಾ ನೀರಿನ ತೊಟ್ಟಿಯ ಮೇಲೆ ಬಾಗಿದ ಕೊಂಬೆಯಲ್ಲಿ ಇವು ಹಿಂಗಾಲುಗಳಿಂದ ದ್ರವವನ್ನು ಕಡೆದು, ಸೋಪಿನ ನೊರೆಯನ್ನು ಎಲೆಗೆ ಮೆತ್ತಿದಂತೆ ಗೂಡು ಕಟ್ಟಿ, ಅದರೊಳಗೆ ಮೊಟ್ಟೆಯಿಡುತ್ತವೆ. ಗೂಡಿನ ಹೊರಪದರ ಒಣಗಿ ಗಟ್ಟಿಯಾದರೂ ಒಳಗೆ ತೇವ ಉಳಿಯುತ್ತದೆ. ಮರಿಗಳು ಅಲ್ಲಿಂದ ಕೆಳಗಿನ ನೀರಿಗೆ ಉದುರುತ್ತವೆ. ಕೊಂಬೆಯು ನೀರಿನ ಮೇಲೆಯೇ ಇರುವುದು ಆ ಉದುರುವಿಕೆಗಾಗಿ. ಚಿತ್ರದ ಹಿನ್ನೆಲೆ ಚೆನ್ನಾಗಿ ಬರಲೆಂದು ಕೊಂಬೆಯನ್ನು ಪಕ್ಕಕ್ಕೆಳೆದು ಕಟ್ಟಿದರೆ, ಅಡ್ಡ ಬಂದ ಎಲೆಗಳನ್ನು ಕತ್ತರಿಸಿದರೆ ಆಗುವ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊಂಕಣ ಮತ್ತು ಗೋವಾದ ಹಳ್ಳಗಳ ದಂಡೆಗೆ ಮಳೆಯ ಜೊತೆಗೇ ಬರುವ ಹಕ್ಕಿ ಮೂರು ಬೆರಳಿನ ಪುಟ್ಟ ಮಿಂಚುಳ್ಳಿ. ಮರಾಠಿಯಲ್ಲಿ ಇದು ತಿಬೋಟಿ ಖಂಡ್ಯಾ. ಸುಮಾರು 13 ಸೆಂಟಿಮೀಟರ್ ಉದ್ದದ ಈ ಹಕ್ಕಿ ಮಣ್ಣಿನ ದರೆಯಲ್ಲಿ ಸುರಂಗ ಕೊರೆದು ಮರಿ ಮಾಡುತ್ತದೆ. ಗಂಡು ಹೆಣ್ಣು ಎರಡೂ ಹಲ್ಲಿ, ಏಡಿ, ಕಪ್ಪೆಗಳನ್ನು ಕಚ್ಚಿ ತಂದು, ಗೂಡಿನ ಎದುರಿನ ಕಡ್ಡಿಯ ಮೇಲೆ ಕ್ಷಣ ಕುಳಿತು ಒಳಹೋಗುತ್ತವೆ. ಚಿತ್ರ ಸಿಗುವುದು ಆ ಕ್ಷಣದಲ್ಲಿಯೇ. ಹೀಗಾಗಿ ಗೂಡೊಂದು ಪತ್ತೆಯಾದ ಸುದ್ದಿ ಹರಡಿದೊಡನೆ ಅದರ ಮುಂದೆ ಟ್ರೈಪಾಡುಗಳ ಸಾಲು ನಿಲ್ಲುತ್ತದೆ. ಮನುಷ್ಯರನ್ನು ಕಂಡು ಹಕ್ಕಿ ಹೊರಗೇ ಕಾದರೆ ಮರಿಗಳಿಗೆ ಊಟ ತಪ್ಪುತ್ತದೆ. ಇದರ ಗೂಡಿನ ಚಿತ್ರವನ್ನೇ ತೆಗೆಯಬಾರದು, ತೊರೆಯ ಬಳಿ ಬೇಟೆಗೆ ಕುಳಿತಾಗ ಸಿಕ್ಕರೆ ತೆಗೆಯಬೇಕು ಎಂಬ ಪಕ್ಷ ನನ್ನದು. ಹಲವು ಗೆಳೆಯರು ಇದನ್ನು ಒಪ್ಪುವುದಿಲ್ಲ.

ಹಾವುಗಳ ವಿಷಯ ಸ್ವಲ್ಪ ಬೇರೆ. ಹಸಿರು, ಕಂದು, ಹಳದಿ ಎಂದು ಹಲವು ಬಣ್ಣಗಳಲ್ಲಿ ಕಾಣುವ ಮಲಬಾರ್ ಗುಳಿಮಂಡಲ ಮಳೆಗಾಲದ ರಾತ್ರಿಗಳಲ್ಲಿ ಹೊಂಚುಹಾಕಿ ಕುಳಿತಿರುವುದು ಕಪ್ಪೆಗಳಿಗಾಗಿ. ಕುಳಿತಲ್ಲಿಂದ ಕದಲದ ಇದರ ಸ್ವಭಾವವೇ ಚಿತ್ರಗಾರನಿಗೆ ವರ, ಹಾವಿಗೆ ಶಾಪ. ಕೋಲಿನಿಂದೆತ್ತಿ ಚೆಂದದ ಪಾಚಿಗಟ್ಟಿದ ಕೊಂಬೆಯ ಮೇಲೆ ಕೂರಿಸಿ ಸರದಿಯಂತೆ ಚಿತ್ರ ತೆಗೆಯುವ ತಂಡಗಳಿವೆ. ಅದು ವಿಷದ ಹಾವು ಎಂಬುದೊಂದು ಕಡೆ ಇರಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯ ವ್ಯಾಖ್ಯೆ ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಸೆರೆಹಿಡಿಯುವುದೂ, ಹಕ್ಕಿ ಮತ್ತು ಸರೀಸೃಪಗಳ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದೂ ಬೇಟೆಯೇ. ಮೊಲೆಮ್, ಮಹದಾಯಿ, ಕೋಟಿಗಾಂವ್‌ಗಳಂಥ ಅಭಯಾರಣ್ಯಗಳೊಳಗೆ ಛಾಯಾಗ್ರಹಣಕ್ಕೆ ಹೋಗುವವರು ಅದೇ ಕಾಯಿದೆಯ 28ನೆಯ ವಿಧಿಯಂತೆ ಅನುಮತಿ ಪಡೆಯಬೇಕು.

ಯಾರನ್ನೂ ಕದಡದೆ ತೆಗೆಯಬಹುದಾದ ವಿಷಯವೆಂದರೆ ಹೊಳೆಯುವ ಅಣಬೆ. ಗೋವಾದ ಕಾಡುಗಳಲ್ಲಿಯೂ ಪುಣೆಯ ಕಡೆಯ ಭೀಮಾಶಂಕರದಲ್ಲಿಯೂ ಕೊಳೆತ ಕಟ್ಟಿಗೆಯ ಮೇಲೆ ಇದು ಮಳೆಗಾಲದಲ್ಲಿ ಕಾಣುತ್ತದೆ. ಬ್ಯಾಟರಿಗಳನ್ನೆಲ್ಲ ಆರಿಸಿ ಕಾಲು ಗಂಟೆ ಕತ್ತಲಲ್ಲಿ ನಿಂತರೆ ಕಣ್ಣಿಗೆ ಮಸುಕು ಬೆಳಕು ಗೋಚರಿಸತೊಡಗುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಅದರ ಶಟರನ್ನು ಮೂವತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಕಣ್ಣಿಗೆ ಕಂಡದ್ದಕ್ಕಿಂತ ಹೆಚ್ಚಿನ ಹಸಿರು ಚಿತ್ರದಲ್ಲಿ ಮೂಡುತ್ತದೆ. ಆ ಕಟ್ಟಿಗೆಯನ್ನು ಹೋಟೆಲಿಗೆ ಹೊತ್ತುಕೊಂಡು ಬರದಿದ್ದರಾಯಿತು.

ಸಲಕರಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಜೀವಿಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ, ನೂರು ಮಿಲಿಮೀಟರಿನ ಆಸುಪಾಸಿನ ಒಂದು ಮ್ಯಾಕ್ರೋ ಲೆನ್ಸ್, ಒಂದು ಫ್ಲ್ಯಾಷ್, ಅದರ ಬೆಳಕನ್ನು ಮೆದುಗೊಳಿಸುವ ಡಿಫ್ಯೂಸರ್ ಸಾಕು. ಕಪ್ಪೆಯ ಒದ್ದೆ ಚರ್ಮದ ಮೇಲೆ ನೇರ ಫ್ಲ್ಯಾಷ್ ಬಿಳಿ ಚುಕ್ಕೆಗಳನ್ನು ಮೂಡಿಸುವುದರಿಂದ ಡಿಫ್ಯೂಸರ್ ಅನಿವಾರ್ಯ. ಏಸಿ ಕಾರಿನಿಂದಿಳಿದೊಡನೆ ಕ್ಯಾಮೆರಾ ತೆಗೆದರೆ ಲೆನ್ಸಿನ ಮೇಲೆ ಹನಿಗಟ್ಟುತ್ತದೆ. ಚೀಲ ಮುಚ್ಚಿಟ್ಟು ಅರ್ಧ ಗಂಟೆ ಕಾಯಬೇಕು. ಗೋವಾದ ಮನೆಗಳಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುವುದು ನಮಗೆ ಗೊತ್ತೇ ಇದೆ. ಲೆನ್ಸಿನೊಳಗೂ ಅದೇ ಹಿಡಿಯುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುವುದು ಲೇಸು. ಇಂಬಳಗಳಿಗೆ ಹೆದರಿ ಕೈಗೆಲ್ಲ ಔಷಧ ಬಳಿದುಕೊಂಡವರು ಕಪ್ಪೆಯನ್ನು ಮುಟ್ಟಲೇಬಾರದು, ಏಕೆಂದರೆ ಕಪ್ಪೆ ಚರ್ಮದಿಂದಲೇ ನೀರು ಹೀರುತ್ತದೆ, ಉಸಿರಾಡುತ್ತದೆ. ಕಪ್ಪೆಗಳಿಗೆ ಮಾರಕವಾದ ಕೈಟ್ರಿಡ್ ಎಂಬ ಶಿಲೀಂಧ್ರ ಪಶ್ಚಿಮಘಟ್ಟದಲ್ಲಿಯೂ ಪತ್ತೆಯಾಗಿರುವುದರಿಂದ, ಒಂದು ಕಾಡಿನ ಕೆಸರನ್ನು ಬೂಟಿನಲ್ಲಿ ಮತ್ತೊಂದಕ್ಕೆ ಒಯ್ಯದಂತೆ ತೊಳೆದು ಒಣಗಿಸುವ ರೂಢಿಯೂ ಬೇಕು.

ತಂಡದೊಂದಿಗೆ ಹೋಗುವವರು ಹಣ ಕಟ್ಟುವ ಮೊದಲು ಆಯೋಜಕರಿಗೆ ಕೆಲವು ಪ್ರಶ್ನೆಗಳನ್ನು ಕೇಳಲಿ. ಒಂದು ಪ್ರಾಣಿಯ ಮುಂದೆ ಒಮ್ಮೆಗೆ ಎಷ್ಟು ಜನ ನಿಲ್ಲುತ್ತೀರಿ? ಸ್ಥಳೀಯ ಮಾರ್ಗದರ್ಶಿ ಜೊತೆಗಿರುತ್ತಾರೆಯೇ? ಹಾವನ್ನು ಹಿಡಿದು ತೋರಿಸುತ್ತೀರಾ? ಈ ಕೊನೆಯ ಪ್ರಶ್ನೆಗೆ ಉತ್ಸಾಹದಿಂದ ಹೌದೆನ್ನುವವರ ಜೊತೆ ಹೋಗುವ ಬದಲು, ಮುಂದಿನ ಬಾರಿ ಊರಿಗೆ ಹೊರಟಾಗ ಆಂಬೋಲಿಯಲ್ಲಿ ಒಂದು ರಾತ್ರಿ ಉಳಿದು, ಅಲ್ಲಿಯವರೇ ಆದ ಒಬ್ಬ ಮಾರ್ಗದರ್ಶಿಯೊಡನೆ ಬ್ಯಾಟರಿ ಹಿಡಿದು ಹೊರಡುವುದು ಅಗ್ಗವೂ ಹೌದು, ಚಿತ್ರಗಳೂ ಹೆಚ್ಚು ಸಿಗುತ್ತವೆ. ನಮಸ್ಕಾರ.