ಜಾನ್ ಥಾಮ್ಸನ್: ಕಲ್ಲಿದ್ದಲ ಗಣಿಯಿಂದ ಬಂದ ಗೋಲ್‌ಕೀಪರ್

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಕಾಟ್ಲೆಂಡಿನಲ್ಲಿ ಗ್ಲಾಸ್ಗೋದ ಸೆಲ್ಟಿಕ್ ಫುಟ್‌ಬಾಲ್ ಕ್ಲಬ್ಬಿಗೆ ಆಡುತ್ತಿದ್ದ ಜಾನ್ ಥಾಮ್ಸನ್ ಎಂಬ ಗೋಲ್‌ಕೀಪರನ ಹೆಸರು ಬಂದಾಗಲೆಲ್ಲ ಮಾತು ಅವನ ಸಾವಿನತ್ತ ಹೊರಳುತ್ತದೆ. 1931ರ ಸೆಪ್ಟೆಂಬರ್ 5ರಂದು ಗ್ಲಾಸ್ಗೋದ ಐಬ್ರಾಕ್ಸ್ ಮೈದಾನದಲ್ಲಿ, ರೇಂಜರ್ಸ್ ತಂಡದ ಸ್ಯಾಮ್ ಇಂಗ್ಲಿಷ್‌ನ ಕಾಲ ಬಳಿಯಿದ್ದ ಚೆಂಡಿಗೆ ಅವನು ಹಾರಿದಾಗ ಎದುರಾಳಿಯ ಮೊಣಕಾಲು ತಲೆಗೆ ಬಡಿಯಿತು. ಅದೇ ರಾತ್ರಿ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ 22 ವರ್ಷ. ಅದು ಶುದ್ಧ ಆಕಸ್ಮಿಕವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಆದರೆ ಅದಕ್ಕೂ ಹಿಂದಿನ ನಾಲ್ಕೂವರೆ ವರ್ಷ ಅವನು ಆಡಿದ ಆಟವೇನು ಎಂಬುದು ಆ ಸಾವಿನ ಕಥೆಯಲ್ಲಿ ಮುಚ್ಚಿಹೋಗಿದೆ. ಇಂದು ನಾನು ಹೇಳಹೊರಟಿರುವುದು ಆ ಆಟದ ವಿಷಯವನ್ನು.

ಥಾಮ್ಸನ್ ಹುಟ್ಟಿದ್ದು 1909ರ ಜನವರಿ 28ರಂದು, ಫೈಫ್ ಸೀಮೆಯ ಕರ್ಕಾಲ್ಡಿಯಲ್ಲಿ. ಬೆಳೆದದ್ದು ಸಮೀಪದ ಕಾರ್ಡೆಂಡೆನ್‌ನಲ್ಲಿ. ಅದು ಕಲ್ಲಿದ್ದಲನ್ನೇ ನಂಬಿ ಬದುಕಿದ ಊರು. 14ನೆಯ ವಯಸ್ಸಿಗೆ ಹುಡುಗ ತಂದೆಯೊಡನೆ ಬೋಹಿಲ್ ಗಣಿಗೆ ಇಳಿದ. ನೆಲದಾಳದಲ್ಲಿ ಕಲ್ಲಿದ್ದಲ ಬಂಡಿಗಳ ಸರಪಳಿ ಕೊಂಡಿಗಳನ್ನು ಕಳಚುವುದು ಅವನ ಕೆಲಸ. ಬಿಡುವಿನಲ್ಲಿ ಊರಿನ ತಂಡಗಳಿಗೆ, ಆಮೇಲೆ ವೆಲ್ಸ್‌ಲಿ ಜೂನಿಯರ್ಸ್ ತಂಡಕ್ಕೆ ಗೋಲು ಕಾಯುತ್ತಿದ್ದ. ಸೆಲ್ಟಿಕ್ ಕ್ಲಬ್ಬಿನ ಪರವಾಗಿ ಆಟಗಾರರನ್ನು ಹುಡುಕುತ್ತಿದ್ದವರೊಬ್ಬರು ಎದುರಾಳಿ ತಂಡದ ಗೋಲ್‌ಕೀಪರನನ್ನು ನೋಡಲೆಂದು ಬಂದು, ಈ ತುದಿಯ ಹುಡುಗನನ್ನು ಮೆಚ್ಚಿಕೊಂಡು ಹೋದರೆಂಬುದು ಪ್ರಸಿದ್ಧವಾದ ಮಾತು. 1926ರಲ್ಲಿ, ಬ್ರಿಟನ್ನಿನ ಗಣಿಗಳೆಲ್ಲ ತಿಂಗಳುಗಟ್ಟಲೆ ಬೀಗ ಜಡಿದುಕೊಂಡಿದ್ದ ವರ್ಷದಲ್ಲಿ, ಸೆಲ್ಟಿಕ್ ಅವನನ್ನು 10 ಪೌಂಡಿಗೆ ತನ್ನದಾಗಿಸಿಕೊಂಡಿತು. ಮಗ ಫುಟ್‌ಬಾಲನ್ನು ವೃತ್ತಿಯಾಗಿ ಹಿಡಿಯುವುದು ಅಪಾಯವೆಂದು ತಾಯಿಗೆ ಇಷ್ಟವಿರಲಿಲ್ಲ ಎನ್ನುತ್ತಾರೆ. ಮಗ ಅಲ್ಲಿಯವರೆಗೆ ದುಡಿದ ಜಾಗವಾದರೂ ಅಪಾಯದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಸೆಲ್ಟಿಕ್‌ನ ಮ್ಯಾನೇಜರ್ ವಿಲ್ಲಿ ಮೇಲೀ ಹುಡುಗನನ್ನು ಹೆಚ್ಚು ದಿನ ಕಾಯಿಸಲಿಲ್ಲ. 1927ರ ಫೆಬ್ರವರಿ 12ರಂದು ಡಂಡೀಯ ಡೆನ್ಸ್ ಪಾರ್ಕಿನಲ್ಲಿ, 18 ತುಂಬಿ ಎರಡೇ ವಾರ ದಾಟಿರುವಾಗ, ಥಾಮ್ಸನ್ ಮೊದಲ ಪಂದ್ಯ ಆಡಿದ. ಸೆಲ್ಟಿಕ್ 2-1ರಿಂದ ಗೆದ್ದಿತು. ಏಪ್ರಿಲ್‌ನಲ್ಲಿ ಹ್ಯಾಂಪ್ಡೆನ್ ಪಾರ್ಕಿನ ಸ್ಕಾಟಿಷ್ ಕಪ್ ಫೈನಲ್. ಎದುರಿಗಿದ್ದದ್ದು ಎರಡನೆಯ ದರ್ಜೆಯ ಈಸ್ಟ್ ಫೈಫ್, ಅಂದರೆ ಅವನದೇ ಸೀಮೆಯ ಕ್ಲಬ್ಬು. ಮೊದಲ ಗೋಲನ್ನು ಈಸ್ಟ್ ಫೈಫ್ ಹೊಡೆದರೂ ಕೊನೆಗೆ 3-1ರಿಂದ ಕಪ್ ಸೆಲ್ಟಿಕ್‌ಗೆ ಬಂತು.

ಅವನ ಆಟದ ಬೆಲೆ ತಿಳಿಯಬೇಕಾದರೆ ಆ ಕಾಲದ ನಿಯಮಗಳತ್ತ ನೋಡಬೇಕು. 1925ರಲ್ಲಿ ಆಫ್‌ಸೈಡ್ ನಿಯಮ, ಅಂದರೆ ದಾಳಿಯ ಆಟಗಾರ (ಫಾರ್ವರ್ಡ್) ಎದುರಾಳಿಯ ಗೋಲಿನ ಬಳಿ ಮೊದಲೇ ಹೋಗಿ ಚೆಂಡಿಗೆ ಕಾಯದಂತೆ ತಡೆಯುವ ನಿಯಮ, ಬದಲಾಯಿತು. ಅಲ್ಲಿಯವರೆಗೆ ಚೆಂಡು ಪಡೆಯುವ ಫಾರ್ವರ್ಡ್ ಮತ್ತು ಗೋಲಿನ ಗೆರೆಯ ನಡುವೆ ಎದುರಾಳಿಗಳಲ್ಲಿ ಮೂವರಾದರೂ ಇರಬೇಕಿತ್ತು. ಅನಂತರ ಇಬ್ಬರಿದ್ದರೆ ಸಾಕಾಯಿತು. ರಕ್ಷಣೆಯ ಸಾಲು ಒಡೆಯಿತು, ಗೋಲುಗಳು ಸುರಿದವು. ಇಂಗ್ಲೆಂಡಿನ ಡಿಕ್ಸಿ ಡೀನ್ 1927-28ರ ಒಂದೇ ಋತುವಿನಲ್ಲಿ ಲೀಗ್‌ನಲ್ಲಿ 60 ಗೋಲು ಹೊಡೆದದ್ದು ಈ ಗಾಳಿಯಲ್ಲೇ. ಗೋಲ್‌ಕೀಪರನ ಪಾಲಿಗೆ ಇದರ ಅರ್ಥ, ಫಾರ್ವರ್ಡ್ ಒಬ್ಬನೇ ಚೆಂಡಿನೊಡನೆ ನುಗ್ಗಿ ಬರುವ ಸಂದರ್ಭಗಳು ಹೆಚ್ಚಿದವು. ಗೆರೆಯ ಮೇಲೆ ನಿಂತು ಕಾದರೆ ಗೋಲು ಖಂಡಿತ. ಮುಂದೆ ಓಡಿ, ಆ ಫಾರ್ವರ್ಡ್ ಕಾಲೆತ್ತುವ ಮೊದಲೇ ನೆಲಕ್ಕೆ ಬಿದ್ದು ಚೆಂಡನ್ನು ಎದೆಗವಚಿಕೊಳ್ಳಬೇಕು. ಮಳೆ ನೀರು ಕುಡಿದು ಭಾರವಾದ ತೊಗಲಿನ ಚೆಂಡು, ಅದಕ್ಕೆ ಬರಿಗೈ, ಚೆಂಡಿನ ಪಕ್ಕದಲ್ಲೇ ಗಟ್ಟಿ ಬೂಟುಗಳು. ಚೆಂಡು ಹಿಡಿದು ನಿಂತ ಗೋಲ್‌ಕೀಪರನನ್ನು ಭುಜದಿಂದ ಗುದ್ದಿ ಕೆಡವುವುದೂ ಆಗ ನಿಯಮಬದ್ಧವೇ ಆಗಿತ್ತು. ಥಾಮ್ಸನ್ ಎತ್ತರದ ಆಳೇನಲ್ಲ, ದೇಹವೂ ತೆಳು. ಎತ್ತರದ ಚೆಂಡಿಗೆ ಅವನು ನೆಗೆಯುವ ಸೊಗಸನ್ನು ನೋಡಿದವರು ಹೊಗಳಿದ್ದಾರೆ, ನಿಜ. ಆದರೆ ಕಾಲಬುಡಕ್ಕೆ ಧುಮುಕುವ ಆಟವೇ ಅವನ ನಿಜವಾದ ಬಂಡವಾಳವೆಂದು ನನಗನ್ನಿಸುತ್ತದೆ. ಅದನ್ನು ಹುಂಬತನವೆಂದು ಕರೆಯುವವರು ಆ ಹೊಸ ನಿಯಮವನ್ನು ಮರೆತಿರುತ್ತಾರೆ.

ಅದರ ಬೆಲೆಯನ್ನು ಅವನು ಮೊದಲೇ ತೆತ್ತಿದ್ದ. 1930ರ ಫೆಬ್ರವರಿಯಲ್ಲಿ ಏರ್‌ಡ್ರಿಯೋನಿಯನ್ಸ್ ವಿರುದ್ಧದ ಪಂದ್ಯದಲ್ಲಿ ಹೀಗೆಯೇ ಧುಮುಕಿದಾಗ ದವಡೆ ಮುರಿಯಿತು, ಪಕ್ಕೆಲುಬುಗಳು ಮುರಿದವು, ಎರಡು ಹಲ್ಲು ಹೋದವು. ಇನ್ನು ಸಾಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ, ಫ್ರಾನ್ಸ್ ಎದುರು, ಅವನು ಸ್ಕಾಟ್ಲೆಂಡಿನ ಗೋಲ್‌ಕೀಪರನಾಗಿ ಮೊದಲ ಬಾರಿ ಮೈದಾನಕ್ಕಿಳಿದ. ತಂಡ 2-0ಯಿಂದ ಗೆದ್ದಿತು.

1931ರ ಏಪ್ರಿಲ್‌ನಲ್ಲಿ ಮದರ್‌ವೆಲ್ ಎದುರಿನ ಸ್ಕಾಟಿಷ್ ಕಪ್ ಫೈನಲ್ 2-2ರಲ್ಲಿ ನಿಂತು, ಮರುಪಂದ್ಯದಲ್ಲಿ ಸೆಲ್ಟಿಕ್ 4-2ರಿಂದ ಮತ್ತೆ ಕಪ್ ಗೆದ್ದಿತು. ದೇಶಕ್ಕಾಗಿ ಅವನಿಗೆ ಸಿಕ್ಕಿದ್ದು ನಾಲ್ಕೇ ಪಂದ್ಯ, ಆ ನಾಲ್ಕರಲ್ಲಿ ಅವನನ್ನು ದಾಟಿದ್ದು ವೇಲ್ಸ್ ಹೊಡೆದ ಒಂದೇ ಗೋಲು. ಕೊನೆಯದು 1931ರ ಮಾರ್ಚ್‌ನಲ್ಲಿ ಹ್ಯಾಂಪ್ಡೆನ್‌ನಲ್ಲಿ ಇಂಗ್ಲೆಂಡ್ ವಿರುದ್ಧ. ಸ್ಕಾಟ್ಲೆಂಡ್ 2-0ಯಿಂದ ಗೆದ್ದ ಆ ಪಂದ್ಯದಲ್ಲಿ ಇಂಗ್ಲೆಂಡಿನ ದಾಳಿಯ ನಡುವೆ ನಿಂತಿದ್ದವನು ಅದೇ ಡಿಕ್ಸಿ ಡೀನ್. ಅವನಿಗೂ ಗೋಲು ಸಿಗಲಿಲ್ಲ.