ಚೀಸ್ ಒಡೀಬಾರದು ಅಂದ್ರೆ ಆ ಹಳದಿ ಇಟ್ಟಿಗೆನೇ ತನ್ನಿ

ನಮಸ್ಕಾರ. ಇವತ್ತು ಟೆಕ್ಸಸ್ ಚಳಿಯಲ್ಲಿ ಕರಿಬೇವಿನ ಗಿಡ ಉಳಿಸ್ಕೊಳ್ಳೋದು ಹೇಗೆ ಅಂತ ಮಾತಾಡ್ಬೇಕಿತ್ತು. ಎರಡು ಪುಟ ಬರ್ದಿಟ್ಕೊಂಡಿದ್ದೆ. ಗಿಡ ಇನ್ನೊಂದು ವಾರ ಬದುಕುತ್ತೆ ಬಿಡಿ. ನಿನ್ನೆ ರಾತ್ರಿ ಬಂದ ಒಂದು ಕಾಮೆಂಟಿಗೆ ಉತ್ತರ ಕೊಡದೇ ಇದ್ರೆ ನನಗೆ ನಿದ್ದೆ ಬರಲ್ಲ. ನಿನ್ನೆ ಬಂದಿಲ್ಲ, ಇವತ್ತೂ ಬರಲ್ಲ.

ಹೋದ ವಾರ ಕೇಸೋ ವಿಡಿಯೋ ಹಾಕಿದ್ದೆ. ನೋಡಿಲ್ದೇ ಇರೋರು ನೋಡಿ, ಕೆಳಗೆ ಲಿಂಕ್ ಇದೆ, ಹಾಗೇ ಗಂಟೆನೂ ಬಾರಿಸ್ಬಿಡಿ. ಅದು ಕೇಸೋ, ಕ್ವೆಸ್ಸೋ ಅಲ್ಲ. ಮೊದಲನೇ ವರ್ಷ ನಾನು ಕ್ವೆಸ್ಸೋ ಅಂತ ಕೇಳಿ ಅಂಗಡಿ ಹುಡುಗ ನಕ್ಕಿದ್ದು ಇನ್ನೂ ನೆನಪಿದೆ. ಸ್ಪ್ಯಾನಿಷ್‌ನಲ್ಲಿ ಕೇಸೋ ಅಂದ್ರೆ ಬರೀ ಚೀಸ್. ಟೆಕ್ಸಸ್‌ನಲ್ಲಿ ಕೇಸೋ ಅಂದ್ರೆ ಬಿಸಿ ಚೀಸ್, ಟೊಮ್ಯಾಟೊ, ಮೆಣಸಿನಕಾಯಿ ಎಲ್ಲಾ ಸೇರಿ ಕರಗಿರೋ ಡಿಪ್. ಚಿಪ್ಸ್ ಅದ್ದೋದು, ಬಾಯಿ ಸುಟ್ಕೊಳ್ಳೋದು, ಮತ್ತೆ ಅದ್ದೋದು. ಫೆಬ್ರವರಿ ಎರಡನೇ ಭಾನುವಾರ ಸೂಪರ್ ಬೌಲ್, ಅಂದ್ರೆ ಅಮೆರಿಕನ್ ಫುಟ್‌ಬಾಲ್ ಫೈನಲ್ ಇರುತ್ತಲ್ಲ, ಅವತ್ತು ಇಲ್ಲಿ ಕೇಸೋ ಇಲ್ದಿರೋ ಮನೆ ಅಂದ್ರೆ ಯುಗಾದಿಗೆ ಹೋಳಿಗೆ ಮಾಡದಿರೋ ಮನೆ ಇದ್ದ ಹಾಗೆ. ಜನ ಏನೋ ಆಗಿದೆ ಅಂದ್ಕೋತಾರೆ.

ಈಗ ಕಾಮೆಂಟ್ ಓದ್ತೀನಿ. ಹೆಸರು ಹೇಳಲ್ಲ. ಫೋಟೋ ಜಾಗದಲ್ಲಿ ಸೂರ್ಯಕಾಂತಿ ಹೂವಿದೆ, ಅಷ್ಟೇ ಹೇಳ್ತೀನಿ. "ಅಣ್ಣಾ, ನೀವು ಹಾಕಿದ್ದು ಚೀಸೇ ಅಲ್ಲ, ಪ್ಲಾಸ್ಟಿಕ್. ಒಳ್ಳೇ ಹಳೇ ಚೆಡ್ಡಾರ್ ತಂದು ತುರಿದು ಮಾಡಿ, ಆಗ ಗೊತ್ತಾಗುತ್ತೆ ರುಚಿ." ಕೊನೇಲಿ ಕೈಮುಗಿಯೋ ಚಿತ್ರ ಬೇರೆ. ಚೆಡ್ಡಾರ್ ಅಂದ್ರೆ ತಿಂಗಳು, ವರ್ಷ ಇಟ್ಟು ಮಾಗಿಸೋ ಗಟ್ಟಿ ಚೀಸು. ಇದಕ್ಕೆ ನಲವತ್ತೇಳು ಲೈಕ್! ನನ್ನ ವಿಡಿಯೋದಲ್ಲಿ ನನಗಿಂತ ಜಾಸ್ತಿ ಮರ್ಯಾದೆ ಇವರಿಗೆ.

ಸೂರ್ಯಕಾಂತಿಯವರೇ, ಕೇಳಿಸ್ಕೊಳ್ಳಿ. ಬಿಸಿ ಡಿಪ್‌ಗೆ ಪ್ರಾಸೆಸ್ಡ್ ಚೀಸೇ ಬೇಕು. ಅಂದ್ರೆ ಚೀಸನ್ನ ಕರಗಿಸಿ, ಲವಣ ಬೆರೆಸಿ, ಮತ್ತೆ ಅಚ್ಚು ಹಾಕಿರೋ ಹಳದಿ ಇಟ್ಟಿಗೆ. ವಿಡಿಯೋದಲ್ಲಿ ನಾನು ಹಾಕಿದ್ದೂ ಅದೇ. ಇಲ್ಲಿ ಅದರ ಹೆಸರು ವೆಲ್ವೀಟಾ, ಊರಲ್ಲಿ ಅಮುಲ್ ಕ್ಯೂಬ್. ಬೇರೆ ಯಾವುದೂ ನಡೆಯಲ್ಲ.

ಯಾಕೆ ಅಂತ ಹೇಳ್ತೀನಿ, ನಾನು ಸುಮ್ನೆ ಕೂಗೋ ಪೈಕಿ ಅಲ್ಲ. ಚೀಸ್ ಒಳಗೆ ಪ್ರೋಟೀನಿನ ಒಂದು ಬಲೆ ಇರುತ್ತೆ, ಅದರ ಹೆಸರು ಕೇಸಿನ್. ಆ ಬಲೆಗೆ ಗಂಟು ಹಾಕಿರೋದು ಕ್ಯಾಲ್ಸಿಯಂ. ಬಲೆಯೊಳಗೆ ಕೊಬ್ಬು, ನೀರು ಸಿಕ್ಕಿ ಹಾಕ್ಕೊಂಡಿರುತ್ತೆ. ಹಳೇ ಚೆಡ್ಡಾರನ್ನ ಬಿಸಿ ಮಾಡಿದ್ರೆ ಮೊದಲು ಕೊಬ್ಬು ಕರಗುತ್ತೆ, ಆಮೇಲೆ ಬಲೆ ಸಂಕುಚಿತ ಆಗುತ್ತೆ, ಬಟ್ಟೆ ಹಿಂಡಿದ ಹಾಗೆ ಎಣ್ಣೆಯೆಲ್ಲ ಆಚೆ ಬರುತ್ತೆ. ಮೇಲೆ ಎಣ್ಣೆ, ಕೆಳಗೆ ರಬ್ಬರು. ಎರಡು ವರ್ಷ ಹಳೇ ಚೆಡ್ಡಾರ್ ಅಂತ ಜಂಬ ಪಡ್ತೀರಲ್ಲ, ವಯಸ್ಸಾದಷ್ಟೂ ಇದು ಜಾಸ್ತಿ. ಹಿಟ್ಟಿನ ಮೇಲೆ ಹಿಟ್ಟು ಸವರಿ ಚೀಲದಲ್ಲಿ ಮಾರೋ ತುರಿದ ಚೀಸಿನ ಕಥೆ ಇನ್ನೂ ಹೀನಾಯ, ಅದರ ಬಗ್ಗೆ ನಾನು ಮಾತೇ ಆಡಲ್ಲ.

ಪ್ರಾಸೆಸ್ಡ್ ಚೀಸಲ್ಲಿ ಸೋಡಿಯಂ ಸಿಟ್ರೇಟ್ ಥರದ ಒಂದು ಲವಣ ಹಾಕಿರ್ತಾರೆ. ಅದು ಹೋಗಿ ಕ್ಯಾಲ್ಸಿಯಂನ ಹಿಡ್ಕೊಳ್ಳುತ್ತೆ, ಆ ಜಾಗದಲ್ಲಿ ಸೋಡಿಯಂ ಕೂತ್ಕೊಳ್ಳುತ್ತೆ, ಗಂಟು ಸಡಿಲ ಆಗುತ್ತೆ. ಆಗ ಅದೇ ಕೇಸಿನ್ನು ಕೊಬ್ಬನ್ನೂ ನೀರನ್ನೂ ಕೈಹಿಡಿಸಿ ಕೂರ್ಸುತ್ತೆ. ಅದಕ್ಕೇ ರೇಷ್ಮೆ ಥರ ಇಳಿಯುತ್ತೆ. ಇನ್ನೊಂದು ತಮಾಷೆ ಕೇಳಿ. ಸೋಡಿಯಂ ಸಿಟ್ರೇಟಿನ ರಾಸಾಯನಿಕ ಸೂತ್ರದಲ್ಲಿ ಅಂಕಿ ಬಿಟ್ಟು ಬರೀ ಅಕ್ಷರ ಓದಿ. ಎನ್‌ಎ, ಸಿ, ಎಚ್, ಓ. ನಾಚೋ! ದೇವರೇ ಬರ್ದಿಟ್ಟಿದ್ದಾನೆ, ಸೂರ್ಯಕಾಂತಿಗೆ ಮಾತ್ರ ಡೌಟು.

ಇದು ಅಮೆರಿಕದ ಕಂಪನಿ ಕುತಂತ್ರ ಅಂತೀರಾ? ಇದನ್ನ ಕಂಡು ಹಿಡಿದಿದ್ದು ಸ್ವಿಸ್ಸಿನವರು ಸ್ವಾಮಿ. 1911ರಲ್ಲಿ, ಥೂನ್ ಅನ್ನೋ ಊರಲ್ಲಿ, ವಾಲ್ಟರ್ ಗೆರ್ಬರ್ ಮತ್ತೆ ಫ್ರಿಟ್ಸ್ ಸ್ಟೆಟ್ಲರ್. ಬಿಸಿಲು ದೇಶಗಳಿಗೆ ಕಳಿಸಿದ್ರೂ ಕೆಡದಿರೋ ಚೀಸ್ ಬೇಕಿತ್ತು ಅವರಿಗೆ. ಚೀಸನ್ನೇ ಉಸಿರಾಡೋ ದೇಶದವರು ಮಾಡಿದ್ದು ನಿಮಗೆ ಪ್ಲಾಸ್ಟಿಕ್ಕಾ? ವೆಲ್ವೀಟಾ ಆಮೇಲೆ ಬಂತು, 1918ರಲ್ಲಿ, ನ್ಯೂಯಾರ್ಕ್ ರಾಜ್ಯದ ಮನ್ರೋದಲ್ಲಿ. ಮಾಡಿದವನು ಎಮಿಲ್ ಫ್ರೈ, ಅವನೂ ಸ್ವಿಸ್ಸಿನಿಂದ ಬಂದವನೇ. ಮುರಿದುಹೋದ ಚೀಸ್ ತುಂಡುಗಳು ದಂಡ ಆಗ್ತಿದ್ವು, ಅದನ್ನ ಕರಗಿಸಿ ಒಂದು ಮಾಡಿದ. ನಮ್ಮಜ್ಜಿ ಉಳಿದ ಅನ್ನಕ್ಕೆ ಚಿತ್ರಾನ್ನ ಕಲಸಿದಾಗ ಯಾರಾದ್ರೂ ಪ್ಲಾಸ್ಟಿಕ್ ಅಂದ್ರಾ?

ಅಜ್ಜಿ ಅಂದಮೇಲೆ ಮಜ್ಜಿಗೆ ಹುಳಿ ಹೇಳ್ಲೇಬೇಕು. ಬರೀ ಮೊಸರನ್ನ ಒಲೆ ಮೇಲೆ ಕುದಿಸಿ ನೋಡಿ. ಒಡೆದು ನೀರು ಬೇರೆ, ಗಿಣ್ಣು ಬೇರೆ. ಅದಕ್ಕೇ ಅಜ್ಜಿ ಕಡಲೆಬೇಳೆ ನೆನೆಸಿ ಕಾಯಿ ಜೊತೆ ರುಬ್ಬಿ ಹಾಕ್ತಿದ್ಲು. ಆಕೆಗೆ ಕೇಸಿನ್ ಗೊತ್ತಿರ್ಲಿಲ್ಲ, ಮಜ್ಜಿಗೆ ಒಡೆಯುತ್ತೆ ಅಂತ ಗೊತ್ತಿತ್ತು. ಒಡೆಯೋ ವಸ್ತು ಒಡೆಯದೇ ಇರ್ಬೇಕು ಅಂದ್ರೆ ಅದಕ್ಕೊಂದು ಉಪಾಯ ಬೇಕು. ಚೀಸಿಗೆ ಆ ಉಪಾಯ ಇಟ್ಟಿಗೆಯೊಳಗೇ ಇದೆ.

ಒಬ್ರು ಜಾಣರು ಕೆಳಗೆ ಬರ್ದಿದ್ದಾರೆ, ಹಾಗಾದ್ರೆ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಆಮೇಲೆ ಚೆಡ್ಡಾರ್ ಹಾಕಿದ್ರೆ ಒಡೆಯಲ್ಲ, ನಿಮ್ಮಜ್ಜಿ ಮಾಡಿದ್ದೂ ಅದೇ ಅಲ್ವಾ ಅಂತ. ಅಲ್ಲ. ಅಜ್ಜಿ ಬೇರೆ. ಮೈದಾ ಹಾಕಿದ್ರೆ ಡಿಪ್ ಆಗಲ್ಲ, ಸಿನಿಮಾ ಪೋಸ್ಟರ್ ಅಂಟಿಸೋ ಗೋಂದು ಆಗುತ್ತೆ. ಮುಂದಕ್ಕೆ ಹೋಗೋಣ.

ಇನ್ನೊಬ್ರು ಹೇಳ್ತಾರೆ, ಡಬ್ಬಿ ಮೇಲೇ ಅದನ್ನ ಚೀಸ್ ಅಂತ ಬರ್ದಿಲ್ಲ, ಚೀಸ್ ಪ್ರಾಡಕ್ಟ್ ಅಂತ ಬರ್ದಿದೆ ಅಂತ. ಇರ್ಲಿ ಬಿಡಿ! ಕಾಂಗ್ರೆಸ್ ಕಡ್ಲೆಬೀಜದಲ್ಲಿ ಯಾವ ಪಕ್ಷ ಇದೆ? ತಿನ್ನೋವಾಗ ಮತದಾರರ ಚೀಟಿ ಕೇಳ್ತೀರಾ?

ಸರಿ, ಮಾಡೋದು ಹೇಗೆ ಅಂತ ಬೇಗ ಹೇಳ್ಬಿಡ್ತೀನಿ, ಇಲ್ದಿದ್ರೆ ನನ್ನ ಹೆಂಡತಿ ಬರೀ ಜಗಳ ಆಡ್ದೆ ಅಂತಾಳೆ. ಒಂದು ಪೌಂಡ್ ವೆಲ್ವೀಟಾ, ಅಂದ್ರೆ ಸುಮಾರು 450 ಗ್ರಾಂ, ಸಣ್ಣ ಚೌಕ ಮಾಡಿ. ಒಂದು ಡಬ್ಬಿ ರೋಟೆಲ್, ಟೊಮ್ಯಾಟೊ ಜೊತೆ ಹಸಿಮೆಣಸಿನಕಾಯಿ ಇರೋದು, 10 ಔನ್ಸಿಂದು, ನೀರು ಬಸಿಯದೇ ಹಾಗೇ ಸುರೀರಿ. ಇದು ಪಕ್ಕಾ ಟೆಕ್ಸಸ್ ಸರಕು. ಎಲ್ಸಾ ಅನ್ನೋ ಊರಲ್ಲಿ 1940ರ ದಶಕದಲ್ಲಿ ಕಾರ್ಲ್ ರೋಟೆಲಿ ಅನ್ನೋರು ಶುರು ಮಾಡಿದ್ದು, ಅವರ ಹೆಸರನ್ನೇ ಮೊಟಕು ಮಾಡಿ ಡಬ್ಬಿಗಿಟ್ರು. ಸಣ್ಣ ಉರಿ, ಕೈಯಾಡಿಸ್ತಾ ಇರಿ, ಹತ್ತು ನಿಮಿಷ.

ಆದ್ರೆ ಖಾರ! ಅಲ್ಲಿ ಎಲ್ರೂ ಎಡವೋದು. ಆ ಕೇಸಿನ್ ಇದೆಯಲ್ಲ, ಅದು ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ನ ಹಿಡ್ದಿಟ್ಕೊಳ್ಳುತ್ತೆ. ಖಾರ ಆದಾಗ ಮಜ್ಜಿಗೆ ಕುಡಿದ್ರೆ ಸಮಾಧಾನ ಆಗೋದು ಅದಕ್ಕೇ. ಅಂದ್ರೆ ಚೀಸ್ ಡಿಪ್ಪಲ್ಲಿ ನೀವು ಹಾಕಿದ ಖಾರದಲ್ಲಿ ಅರ್ಧ ಕಾಣೆ. ಹಲಪೀನ್ಯೋ ಅನ್ನೋ ಹಸಿಮೆಣಸಿನಕಾಯಿ ಒಂದೇ ಸಾಕು ಅಂತಾರೆ ಇಲ್ಲಿಯವರು. ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ ಅದು ಬರೀ 2,500ರಿಂದ 8,000, ನಮ್ಮ ಮನೇಲಿ ಮಗುಗೆ ಅನ್ನದ ಜೊತೆ ಕೊಡೋ ಲೆಕ್ಕ. ನಾನು ಅದಕ್ಕಿಂತ ಖಾರ ಇರೋ ಸೆರಾನೋ ಮೆಣಸಿನಕಾಯಿ ಎರಡು ಹೆಚ್ಚಿ ಹಾಕ್ತೀನಿ. ಆಮೇಲೆ ಒಂದು ಚಮಚ ಎಣ್ಣೆ ಕಾಯಿಸಿ, ಒಲೆ ಆರಿಸಿ, ಬ್ಯಾಡಗಿ ಮೆಣಸಿನ ಪುಡಿ ಹಾಕಿ ಮೇಲೆ ಸುರೀತೀನಿ. ಬ್ಯಾಡಗಿಯದು ಖಾರಕ್ಕಿಂತ ಬಣ್ಣದ ಹೆಸರು. ತುಟಿಗೆ ಬಳಿಯೋ ಲಿಪ್‌ಸ್ಟಿಕ್ಕಿಗೂ ಅದರ ಬಣ್ಣ ಹೋಗುತ್ತೆ, ಬಣ್ಣ ಬಿಡೋದು ಎಣ್ಣೆಯಲ್ಲೇ. ಹಳದಿ ಮೇಲೆ ಕೆಂಪು. ನಮ್ಮ ಬಾವುಟ! ಗೆಳೆಯರು ಇದೇನು ಅಂತ ಕೇಳಿದ್ರೆ ರಾಜ್ಯೋತ್ಸವ ಡಿಪ್ ಅಂತೀನಿ, ಫೆಬ್ರವರಿಯಲ್ಲಿ. ಈ ಹೆಸರನ್ನ ಮಗ್ ಮೇಲೆ ಪ್ರಿಂಟ್ ಮಾಡಿಸಿದ್ದೀನಿ, ಇನ್ನೂ ಹನ್ನೊಂದು ಮಗ್ ಗ್ಯಾರೇಜಲ್ಲಿವೆ. ಹನ್ನೆರಡು ಮಾಡ್ಸಿದ್ದೆ.

ಬೆಂಗಳೂರಲ್ಲಿ ಐಪಿಎಲ್ ನೋಡ್ತಾ ಮಾಡೋರಿಗೆ: ಅಮುಲ್ ಕ್ಯೂಬ್ 200 ಗ್ರಾಂ ಪೊಟ್ಟಣ ತುರಿದು, ಅರ್ಧ ಲೋಟ ಬಿಸಿ ಹಾಲಿಗೆ ಸ್ವಲ್ಪ ಸ್ವಲ್ಪ ಹಾಕಿ. ಪೊಟ್ಟಣದ ಹಿಂದೆ ಓದಿ, ಸೋಡಿಯಂ ಸಿಟ್ರೇಟ್ ಅಂತ ಇರುತ್ತೆ. ಸೂರ್ಯಕಾಂತಿಯವರೇ, ನೀವು ಸ್ಕೂಲಿಂದ ಬಂದು ತಿಂತಿದ್ದ ಕ್ಯೂಬು ಅದೇ. ಜಯನಗರದಲ್ಲಿ ಚೀಸ್ ದೋಸೆ ಮೇಲೆ ತುರಿಸ್ಕೊಂಡು ತಿಂದ್ರಲ್ಲ, ಅದೇ. ಆಗ ಪ್ಲಾಸ್ಟಿಕ್ ಅನ್ನಿಸ್ಲಿಲ್ವಾ? ವೀಸಾ ಬಂದ ಮೇಲೆ ಅನ್ನಿಸ್ತಾ?

ಐಪಿಎಲ್ ಅಂದಾಗ ನೆನಪಾಯ್ತು. ಹದಿನೆಂಟನೇ ಸೀಸನ್ನಲ್ಲಿ, 2025ರಲ್ಲಿ, ಆರ್‌ಸಿಬಿನೇ ಕಪ್ ಎತ್ತಾಯ್ತು. ಇಲ್ಲಿನ ನಮ್ಮ ಫುಟ್‌ಬಾಲ್ ತಂಡ ಡಲ್ಲಾಸ್ ಕೌಬಾಯ್ಸ್ 1996ರ ಜನವರಿಯಲ್ಲಿ ಗೆದ್ದಿದ್ದೇ ಕೊನೆ, ಆಮೇಲೆ ಸೂಪರ್ ಬೌಲ್ ಕಡೆ ತಲೆ ಹಾಕಿಲ್ಲ. ಇಲ್ಲಿ ಬಂದೂ ನನ್ನ ಹಣೆಬರಹ ನೋಡಿ. ಆಟ ಯಾರ್ ನೋಡ್ತಾರೆ, ನಾನು ನೋಡೋದು ಪಾತ್ರೆನ.

ಪಾತ್ರೆಯದೇ ಮುಖ್ಯ ವಿಷಯ, ಅದನ್ನೇ ಹೇಳೋಕೆ ಹೊರಟಿದ್ದು. ಆಟ ಗಡಿಯಾರದಲ್ಲಿ 60 ನಿಮಿಷ. ಆದ್ರೆ ಜಾಹೀರಾತು, ಹಾಡು, ಕುಣಿತ ಎಲ್ಲಾ ಸೇರಿ ಮೂರೂವರೆ ನಾಲ್ಕು ಗಂಟೆ. ಅಷ್ಟು ಹೊತ್ತು ಡಿಪ್ ಬಿಸಿಯಾಗೇ ಇರ್ಬೇಕು, 60 ಡಿಗ್ರಿ ಸೆಲ್ಸಿಯಸ್ ಮೇಲೆ, ಇಲ್ದಿದ್ರೆ ಹೊಟ್ಟೆ ಕೆಡುತ್ತೆ. ನಾಲ್ಕು ಗಂಟೆ ಬಿಸಿಯಲ್ಲಿ ನಿಮ್ಮ ಎರಡು ವರ್ಷದ ಚೆಡ್ಡಾರ್ ನಿಲ್ಲುತ್ತಾ? ಎರಡು ವರ್ಷದ ಹಿಂದೆ ನಮ್ಮ ಗುಂಪಲ್ಲೊಬ್ರು ತಂದಿದ್ರು. ಹೊಗೆ ಹಾಕಿದ ಚೆಡ್ಡಾರು, ಬೆಲೆ ಕೇಳಿ ನಾನೇ ಎದ್ದು ನಿಂತೆ. ಸ್ಲೋ ಕುಕ್ಕರಲ್ಲಿಟ್ರು. ಮೊದಲನೇ ಕ್ವಾರ್ಟರ್ ಮುಗಿಯೋ ಹೊತ್ತಿಗೆ ಮೇಲೆ ಬೆರಳುದ್ದ ಎಣ್ಣೆ. ಚಿಪ್ಸ್ ಅದ್ದಿದ್ರೆ ಚಿಪ್ಸೇ ಮುರಿದು ಒಳಗುಳೀತು. ಹಾಫ್‌ಟೈಮಲ್ಲಿ ಮಕ್ಕಳು ಆ ಉಂಡೆನ ಆಚೆ ತಗೊಂಡು ಹೋಗಿ ಆಟ ಆಡ್ತಿದ್ವು. ಪುಟಿಯುತ್ತೆ ಗುರೂ ಅದು!

ಅಂಗಡಿಲಿ ವೆಲ್ವೀಟಾ ಸಿಗದಿದ್ರೆ ಏನಾಗುತ್ತೆ ಗೊತ್ತಾ? 2014ರ ಜನವರಿಯಲ್ಲಿ ಸೂಪರ್ ಬೌಲ್‌ಗೆ ಮುಂಚೆ ಕೊರತೆ ಬಂತು, ಟಿವಿಯವರು ಅದಕ್ಕೆ ಚೀಸ್ ಪ್ರಳಯ ಅನ್ನೋ ಅರ್ಥದ ಹೆಸರಿಟ್ರು. ಒಳ್ಳೇ ಚೆಡ್ಡಾರು ಅಂಗಡಿ ತುಂಬಾ ಇತ್ತು, ಆದ್ರೂ ಜನ ಪ್ರಳಯ ಅಂದ್ರು. ಯಾಕೆ? ಯೋಚನೆ ಮಾಡಿ.

ಉಪ್ಪು ಜಾಸ್ತಿ, ಆರೋಗ್ಯ ಅಂತೆಲ್ಲ ಬರ್ದಿರೋರಿಗೆ, ಉಪ್ಪಿನಕಾಯಿ ಭರಣಿ ಪಕ್ಕದಲ್ಲಿಟ್ಕೊಂಡು ಟೈಪ್ ಮಾಡ್ಬೇಡಿ.

ಚೆಡ್ಡಾರ್ ರುಚಿನೇ ಬೇಕು ಅಂತ ಹಟ ಇದ್ರೆ ದಾರಿ ಇದೆ. ಸೋಡಿಯಂ ಸಿಟ್ರೇಟ್ ಪುಡಿ ತರಿಸಿ, ಕಾಲು ಕಿಲೋ ಚೀಸಿಗೆ ಸುಮಾರು 10 ಗ್ರಾಂ, ಬಿಸಿ ಹಾಲಲ್ಲಿ ಕದಡಿ, ಚೆಡ್ಡಾರ್ ಹಾಕಿ. ಚೆನ್ನಾಗಿ ಕರಗುತ್ತೆ, ಒಡೆಯಲ್ಲ. ಆದ್ರೆ ನೀವು ಮಾಡಿದ್ದೇನು ಹಾಗಾದ್ರೆ? ಮನೇಲಿ ಪ್ರಾಸೆಸ್ಡ್ ಚೀಸ್! ಗೆದ್ದಿದ್ದು ಯಾರು? ನಾನು.

ಇನ್ನೂ ನಾಲ್ಕು ಪಾಯಿಂಟ್ ಬರ್ಕೊಂಡಿದ್ದೆ. ಒಂದು... ಇದು ಹೇಳಾಯ್ತು. ಎರಡನೇದೂ ಹೇಳಾಯ್ತು. ಮೂರನೇದು ಬರೀ "ಇಟ್ಟಿಗೆ!!" ಅಂತಿದೆ, ರಾತ್ರಿ ಎರಡು ಗಂಟೆಗೆ ಬರ್ದಿದ್ದು. ನಾಲ್ಕನೇದು ದಿನಸಿ ಪಟ್ಟಿ. ಇರ್ಲಿ. ಇಟ್ಟಿಗೆ ಅಂದ್ರೆ ಇಟ್ಟಿಗೆ. ಪಾಯಿಂಟ್ ಯಾಕೆ ಬೇಕು? ಇಲ್ಲೇ ಪಕ್ಕದಲ್ಲಿ ಪಾತ್ರೆ ಇದೆ, ಬೆಳಗ್ಗೆನೇ ಮಾಡಿಟ್ಟಿದ್ದೀನಿ, ಕ್ಯಾಮೆರಾ ತಿರುಗಿಸ್ತೀನಿ, ನೀವೇ ನೋಡಿ, ರೇಷ್ಮೆ ಥರ...

ಹಾಂ. ಇದು ಕೆನೆ ಕಟ್ಟಿದೆ. ನಾನು ಇಷ್ಟೊತ್ತು ಮಾತಾಡಿದ್ದಕ್ಕೆ ಕೆನೆ ಕಟ್ಟಿದೆ. ಒಡೆದಿಲ್ಲ ಕಣ್ರೀ, ಕೆನೆ ಬೇರೆ, ಒಡೆಯೋದು ಬೇರೆ! ಚಮಚ... ಚಮಚ ಎಲ್ಲಿ? ಒಂದು ಸಲ ಕೈಯಾಡಿಸಿದ್ರೆ ಸರಿ ಹೋಗುತ್ತೆ, ತಾಳಿ, ಯಾರೂ ಸ್ಕ್ರೀನ್‌ಶಾಟ್ ತಗೀಬೇಡಿ.