ಯಮಹಾ ಸಿಪಿ-70ಗೆ ಶ್ರುತಿ: ಆ್ಯಪ್ ಒಂದು ಹೇಳುತ್ತೆ, ಕಿವಿ ಇನ್ನೊಂದು

ಮುಚ್ಚಳ ತೆಗೆದಾಯಿತು. ಇದೇ ಸಿಪಿ-70, ಯಮಹಾದ ಎಲೆಕ್ಟ್ರಿಕ್ ಗ್ರ್ಯಾಂಡ್ ಪಿಯಾನೊ. 1976ರಲ್ಲಿ ಬಂದ ಮಾಡೆಲ್, 73 ಕೀ. ಒಳಗೆ ನಿಜವಾದ ತಂತಿ, ನಿಜವಾದ ಸುತ್ತಿಗೆ ಎಲ್ಲ ಇದೆ. ಸದ್ದನ್ನು ದೊಡ್ಡದು ಮಾಡುವ ಮರದ ಹಲಗೆ ಮಾತ್ರ ಇಲ್ಲ. ಆ ಕೆಲಸ ಪೀಜೋ ಪಿಕಪ್‌ಗಳದ್ದು, ಅಂದರೆ ತಂತಿಯ ನಡುಕವನ್ನು ವಿದ್ಯುತ್ ಸಂಕೇತ ಮಾಡುವ ಸೆನ್ಸರ್‌ಗಳದ್ದು. ತಂತಿ ಒರಗುವ ಕುದುರೆಯ ಹತ್ತಿರವೇ ಕೂತಿವೆ. ನನಗಂತೂ ಇದೇ ಅನುಕೂಲ. ಹೆಡ್‌ಫೋನ್ ಹಾಕಿಕೊಂಡರೆ ರಾತ್ರಿ ಹನ್ನೊಂದಾದರೂ ಪಕ್ಕದ ಮನೆಯವರಿಗೆ ಗೊತ್ತಾಗಲ್ಲ.

ಈ ಕಡೆ ಕೀಗಳಿಗೆ ಎರಡೆರಡು ತಂತಿ. ಒಂದಕ್ಕೆ ರಬ್ಬರ್ ಸಿಕ್ಕಿಸಿ ಬಾಯಿ ಮುಚ್ಚಿಸಿದ್ದೆ. ಈಗ ತೆಗೆಯುತ್ತೇನೆ, ಕೇಳಿ. ವೊಂಯ್, ವೊಂಯ್, ವೊಂಯ್... ಎರಡು ತಂತಿ ಒಂದೇ ಶ್ರುತಿಯಲ್ಲಿ ಇಲ್ಲದಿದ್ದರೆ ಹೀಗೆ. ಆ ಅಲೆ ನಿಧಾನವಾಗುತ್ತಾ ನಿಂತುಹೋಗಬೇಕು. ಬಿರಡೆ ಒಂದು ಚೂರು ತಿರುಗಿದರೆ ಸಾಕು. ಹಾಂ, ನಿಂತಿತು.

ತಲೆನೋವು ಇರುವುದು ಮಂದ್ರದಲ್ಲಿ. ನೋಡಿ, ಫೋನಿನ ಶ್ರುತಿ ಆ್ಯಪ್ ಹಸಿರು ತೋರಿಸುತ್ತಿದೆ, ಅಂದರೆ ಸರಿ ಅಂತ. ಆದರೆ ಮೇಲಿನ ಆಕ್ಟೇವ್, ಅಂದರೆ ಒಂದು ಸ್ಥಾಯಿ ಮೇಲಿನ ಅದೇ ಸ್ವರದ ಜೊತೆ ನುಡಿಸಿದರೆ ಅಪಸ್ವರ. ಸಂಗೀತ ಕಛೇರಿಗೆ ಹೊತ್ತೊಯ್ಯಲೆಂದೇ ಮಾಡಿದ ಪಿಯಾನೊ ಇದು, ಎರಡು ಭಾಗವಾಗಿ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಮಂದ್ರದ ತಂತಿಗಳು ಗಿಡ್ಡ, ದಪ್ಪ. ಅಂಥ ಬಿರುಸು ತಂತಿಯಲ್ಲಿ ಉಪಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳು, ಲೆಕ್ಕಕ್ಕಿಂತ ಮೇಲೇರುತ್ತವೆ. ತಂತಿ 110 ಹರ್ಟ್ಜ್ (ಸೆಕೆಂಡಿಗೆ 110 ಕಂಪನ) ಇದ್ದರೆ ಅದರೊಳಗಿನ 220 ಸರಿಯಾಗಿ 220 ಇರಲ್ಲ, ಕೊಂಚ ಜಾಸ್ತಿ. ಮೇಲಿನ ಕೀಯ 220ರ ಜೊತೆ ಜಗಳ ಶುರು. ಅದಕ್ಕೇ ಕೆಳಗಿನದನ್ನು ಸ್ವಲ್ಪ ಇಳಿಸಬೇಕು. ದೊಡ್ಡ ಗ್ರ್ಯಾಂಡ್ ಪಿಯಾನೊದಲ್ಲೂ ಈ ಕಾಟ ಇದೆ, ತಂತಿ ಉದ್ದ ಇರುವುದರಿಂದ ಕಮ್ಮಿ.

ಮಜಾ ಏನು ಗೊತ್ತಾ? ಈ ಲೆಕ್ಕ ಆ್ಯಪ್‌ಗೆ ಬರುತ್ತದೆ! ಆದರೆ ಆ ಲೆಕ್ಕದ ಬಟನ್ ಒತ್ತಿದರೆ ತಿಂಗಳ ಚಂದಾ ಕೇಳುತ್ತದೆ. ಎಂದೋ ಒಮ್ಮೆ ಶ್ರುತಿ ಮಾಡುವವನು ತಿಂಗಳು ತಿಂಗಳು ಯಾಕೆ ಕಟ್ಟಬೇಕು? ಒಂದೇ ಸಲ ತಗೊಂಡುಬಿಡಿ, ಕೊಡುತ್ತೇನೆ ಅಂದರೆ ಅದಕ್ಕೆ ದಾರಿಯೇ ಇಲ್ಲ. ಹಾಲಿಗೆ ತಿಂಗಳ ಲೆಕ್ಕ ಸರಿ, ಪೇಪರಿಗೂ ಸರಿ. ಆಕ್ಟೇವ್‌ಗೂ ಬಾಡಿಗೆಯಾ? ಏಳು ದಿನ ಫ್ರೀ ಅಂತೆ, ಅದಕ್ಕೂ ಮೊದಲು ಕಾರ್ಡ್ ನಂಬರ್ ಕೊಡಬೇಕಂತೆ. ಬೇಡವೇ ಬೇಡ. ಹೀಗೇ ಬಿಟ್ಟರೆ ನಾಳೆ ಸುತ್ತಿಗೆಗೂ... ಅಯ್ಯೋ, ವಿಡಿಯೊ ಶಾಟ್ ಮುಗಿಯುತ್ತಿದೆ, ಬನ್ನಿ ಬನ್ನಿ.

ಕಿವಿಯಲ್ಲೇ ಇಳಿಸಿದೆ. ಕೇಳಿ, ಜಗಳ ನಿಂತಿದೆ. ಆದರೂ ಇದು ಪಿಯಾನೊ ಥರ ಕೇಳಲ್ಲ ಬಿಡಿ, ಸುಮ್ನೆ ತಗಡಿನ ಸದ್ದು. ಯಾರಾದರೂ ಕೊಳ್ಳುತ್ತೇನೆ ಅಂದರೆ ಬೇಡ ಅನ್ನುತ್ತೇನೆ. ತಾಳಿ, ಸದ್ದನ್ನು ದಟ್ಟ ಮಾಡುವ ಕೋರಸ್ ಪೆಡಲ್ ಆನ್ ಮಾಡುತ್ತೇನೆ... ಓಹೋ. ಸರಿ, ಮಾತು ವಾಪಸ್. ಕೊಳ್ಳಿ. ಎತ್ತುವುದಕ್ಕೆ ಮಾತ್ರ ನನ್ನನ್ನು ಕರೆಯಬೇಡಿ.